‘ಬರೀ ಕಲ್ಲು’ ಎನ್ನುವವರಿಗೆ

ನಮ್ಮ ಬಳಗದ ಕಳೆದ ಸಭೆಯಲ್ಲಿ, ವಿದ್ಯಾರ್ಥಿಗಳ ಒಂದು ದಿನದ ಚಾರಣ ಎಲ್ಲಿಗೆ ಎಂಬ ಪ್ರಶ್ನೆ ಚರ್ಚೆಗೆ ಬಂದಿತು. ಹೆಚ್ಚಿನವರ ಒಲವು ಜೋಗಿಮಟ್ಟಿಯ ಕಡೆಗಿತ್ತು. ಮೇಲಿನವರೆಗೂ ಜೀಪು ಹೋಗುತ್ತದೆ, ಮಂಜು ಕವಿದಿರುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ ಎಂಬುದು ಅವರ ವಾದ. ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯ ಹೆಸರು ಬಂದಾಗ ಕಾಲೇಜಿನ ಹುಡುಗನೊಬ್ಬ ಎದ್ದು ನಿಂತು, “ಅಲ್ಲಿ ನೋಡಲಿಕ್ಕೆ ಏನಿದೆ ಸಾರ್? ಬರೀ ಕಲ್ಲು” ಎಂದ. ಸಭೆಯೂ ನಕ್ಕಿತು. ಆ ಹುಡುಗನ ಮೇಲೆ ನಮಗೆ ಕೋಪವಿಲ್ಲ. ಆದರೆ ಆ ಮಾತಿಗೆ ಉತ್ತರ ಕೊಡದೆ ಬಿಡುವಂತಿಲ್ಲ. ಏಕೆಂದರೆ ಈ ಜಿಲ್ಲೆಯ ಬೆಟ್ಟಗಳನ್ನು ಅಗೆದವರು, ಸೀಳಿದವರು ಎಲ್ಲರೂ ಮೊದಲು ಆಡಿದ್ದು ಇದೇ ಮಾತನ್ನು.

ಮರಡಿಹಳ್ಳಿಯಲ್ಲಿ ಇರುವುದು ಕಲ್ಲೇ, ನಿಜ. ಆದರೆ ಎಂಥ ಕಲ್ಲು? ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ತಳದಲ್ಲಿ ಉಕ್ಕಿದ ಲಾವಾರಸ ಅದು. ಕುದಿಯುವ ರಸ ತಣ್ಣೀರಿಗೆ ತಾಗಿದೊಡನೆ ಹೊರಮೈ ಗಟ್ಟಿಯಾಗಿ, ಒಳಗಿನ ಬಿಸಿರಸ ಉಬ್ಬಿ, ದಿಂಬಿನ ಆಕಾರ ತಳೆಯುತ್ತದೆ. ಒಂದರ ಮೇಲೊಂದು ದಿಂಬು ಉರುಳಿ ಬೀಳುತ್ತದೆ. ನಮ್ಮ ಮನೆಗಳಲ್ಲಿ ಬಿಸಿ ರಾಗಿಮುದ್ದೆಗಳನ್ನು ಒಟ್ಟಿದಾಗ ಏನಾಗುತ್ತದೆ ಎಂಬುದನ್ನು ನೆನೆಯಿರಿ. ಮೇಲಿನ ಮುದ್ದೆಯ ನೆತ್ತಿ ದುಂಡಗೇ ಇರುತ್ತದೆ, ಬುಡ ಮಾತ್ರ ಕೆಳಗಿನ ಮುದ್ದೆಗಳ ಸಂದಿಗೆ ಇಳಿದು ಕೂರುತ್ತದೆ. ಈ ಕಲ್ಲುಗಳೂ ಹಾಗೆಯೇ ಕುಳಿತಿವೆ. ದುಂಡನೆಯ ನೆತ್ತಿ ಯಾವ ಕಡೆಗಿದೆ, ಇಳಿದ ಬುಡ ಯಾವ ಕಡೆಗಿದೆ ಎಂದು ನೋಡಿಯೇ ಭೂವಿಜ್ಞಾನಿಗಳು, ಆನಂತರ ಮಗುಚಿ ಮಡಿಚಿಕೊಂಡ ಪದರಗಳಲ್ಲಿ ಯಾವುದು ಅಂದಿನ ಮೇಲ್ಭಾಗ ಎಂಬುದನ್ನು ಗುರುತಿಸುತ್ತಾರೆ. ಮಳೆಗಾಗಿ ಆಕಾಶ ನೋಡುವ ಈ ಸೀಮೆ ಒಂದು ಕಾಲಕ್ಕೆ ನೀರಿನೊಳಗಿತ್ತು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 1976ರಲ್ಲಿಯೇ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಅದೇ ಇಲಾಖೆ ದೇಶದ ನಾನಾ ರಾಜ್ಯಗಳ ತನ್ನ ಯುವ ಭೂವಿಜ್ಞಾನಿಗಳಿಗೆ ಚಿತ್ರದುರ್ಗದಲ್ಲಿ ಕ್ಷೇತ್ರ ತರಬೇತಿ ನೀಡುತ್ತ ಬಂದಿದೆ. ಕಲ್ಲನ್ನು ಓದಲು ಕಲಿಯುವುದಕ್ಕೆ ದೂರದವರು ನಮ್ಮ ಬೆಟ್ಟಗಳಿಗೆ ಬರುತ್ತಾರೆ. ಬೆಟ್ಟದ ಬುಡದಲ್ಲೇ ಹುಟ್ಟಿದ ನಮ್ಮ ಮಕ್ಕಳು ಮಾತ್ರ ಜ್ವಾಲಾಮುಖಿಯನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಕಂಡು ಸುಮ್ಮನಾಗುತ್ತಾರೆ. ಇದು ಮಕ್ಕಳ ತಪ್ಪಲ್ಲ, ಅವರನ್ನು ಅಲ್ಲಿಗೆ ಕರೆದೊಯ್ಯದ ನಮ್ಮ ತಪ್ಪು.

ಈ ಅಜ್ಞಾನದ ಬೆಲೆ ಏನೆಂಬುದನ್ನು ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗದ ಹಳ್ಳಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಅದಿರಿನ ಲಾರಿಗಳ ಕೆಂಧೂಳು ಅಡಕೆಯ ತೋಟದ ಮೇಲೆ, ಮನೆಯ ಸೂರಿನ ಮೇಲೆ ಕೂತದ್ದನ್ನು ಕಂಡವರು ನೀವು. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳನ್ನೂ ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸಿತು. 2013ರಲ್ಲಿ ನಮ್ಮೆರಡು ಜಿಲ್ಲೆಗಳಿಗೆ ವರ್ಷಕ್ಕೆ 50 ಲಕ್ಷ ಟನ್ನಿನ ಮಿತಿ ಹಾಕಿ ಮತ್ತೆ ಅನುಮತಿ ನೀಡಿತು. 2022ರ ಹೊತ್ತಿಗೆ ಆ ಮಿತಿ 1.5 ಕೋಟಿ ಟನ್ನಿಗೆ ಏರಿತು. ಬೆಟ್ಟವೆಂದರೆ ಟನ್ನಿನ ಲೆಕ್ಕ ಎಂಬ ನಂಬಿಕೆ ಅಲುಗಾಡದಿರುವ ತನಕ ಈ ಅಂಕಿ ಏರುತ್ತಲೇ ಇರುತ್ತದೆ.

ಇನ್ನು ನಮ್ಮ ಗುಡ್ಡಗಳ ನೆತ್ತಿಯ ಮೇಲಿನ ಗಾಳಿಯಂತ್ರಗಳು. ಗಾಳಿಯಿಂದ ವಿದ್ಯುತ್ ಪಡೆಯುವುದಕ್ಕೆ ನಾವು ವಿರೋಧಿಗಳಲ್ಲ. ಆದರೆ ಒಂದೊಂದು ಗೋಪುರದ ಬುಡಕ್ಕೂ ಭಾರಿ ವಾಹನ ಏರುವಂಥ ರಸ್ತೆ ಕಡಿಯುವಾಗ, ಅಲ್ಲಿದ್ದ ಹುಲ್ಲು, ಬಂದರಿಕೆ, ತಂಗಡಿಯ ಗಿಡಗಳನ್ನು ಯಾರೂ ಕಾಡೆಂದು ಎಣಿಸುವುದಿಲ್ಲ. ಹುಲ್ಲು ಮಳೆಯ ನೀರನ್ನು ತಡೆದು ಇಂಗಿಸುತ್ತದೆ, ಕುರಿಯನ್ನು ಸಾಕುತ್ತದೆ. ಆದರೂ ಕಾಗದದಲ್ಲಿ ಅದರ ಹೆಸರು ‘ಬಂಜರು’.

ಜೋಗಿಮಟ್ಟಿಗೂ ಇಂಥದೇ ಅವಮಾನ ಆಗಿದೆ. ಅದನ್ನು ಹೊಗಳುವವರು ‘ಚಿತ್ರದುರ್ಗದ ಊಟಿ’ ಎನ್ನುತ್ತಾರೆ. ಕರಡಿ, ಚಿರತೆಗಳಿಗೆ ನೆಲೆಯಾದ, 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡಿಗೆ ಇನ್ನೊಂದು ಊರಿನ ಹೆಸರನ್ನು ಏಕೆ ಹೊರಿಸಬೇಕು? ಊಟಿಯೆಂದು ಕರೆದ ಮೇಲೆ ಜನ ಅಲ್ಲಿ ಊಟಿಯನ್ನೇ ಹುಡುಕುತ್ತಾರೆ. ಅಂಗಡಿ ಬೇಕು, ರಸ್ತೆ ಬೇಕು, ವಸತಿಗೃಹ ಬೇಕು ಎನ್ನುತ್ತಾರೆ. ಹಿಂದಿರುಗುವಾಗ ಬಾಟಲಿಗಳನ್ನು ಬಿಟ್ಟು ಬರುತ್ತಾರೆ.

ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅದರಲ್ಲಿ ಕೆರೆಯ ಪ್ರಸ್ತಾಪ ಬರುತ್ತದೆ. ಸಾವಿರದ ಆರುನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಕಲ್ಲಿನ ಮೇಲೆ ಬರೆಯಲು ಯೋಗ್ಯವೆನಿಸಿದ್ದು ನೀರಿನ ಸುದ್ದಿ. ಇಂದು ನಮ್ಮ ವಿದ್ಯಾವಂತರು ಬಂಡೆಗಳ ಮೇಲೆ ಬಣ್ಣದಲ್ಲಿ ಬರೆಯುತ್ತಿರುವುದು ತಮ್ಮ ಹೆಸರನ್ನು.

ಆದ್ದರಿಂದ ನಮ್ಮ ಸಲಹೆ ಸ್ಪಷ್ಟವಾಗಿದೆ. ಈ ವರ್ಷದ ಚಾರಣ ಮರಡಿಹಳ್ಳಿಗೇ ಆಗಲಿ. ಮಳೆಗಾಲ ಮುಗಿದು ಹುಲ್ಲು ಇನ್ನೂ ಹಸಿರಿರುವಾಗ ಹೊರಡೋಣ. ಬೇಸಿಗೆಯಲ್ಲಿ ಬಂಡೆ ಕೆಂಡವಾಗುತ್ತದೆ, ಒಣಹುಲ್ಲಿಗೆ ಒಂದು ಕಿಡಿ ಸಾಕು. ಹೆದ್ದಾರಿಯ ಐಮಂಗಲದವರೆಗೆ ಬಸ್ಸಿದೆ. ಅಲ್ಲಿಂದ ಮುಂದಕ್ಕೆ ಕಾಲ್ನಡಿಗೆ. ಹಾದಿ ತೋರಿಸಲು ಆ ಊರಿನ ಕುರಿಗಾಹಿಯೊಬ್ಬರನ್ನು ಕೇಳಿಕೊಳ್ಳೋಣ, ಅವರ ಒಂದು ದಿನದ ಕೂಲಿಯನ್ನು ಗೌರವದಿಂದ ಕೊಡೋಣ. ಮೂವತ್ತು ಜನಕ್ಕಿಂತ ಹೆಚ್ಚು ಬೇಡ. ತಲೆಗೆ ಟವೆಲು, ತಲಾ ಮೂರು ಲೀಟರ್ ನೀರು, ಬುತ್ತಿಗೆ ರೊಟ್ಟಿ ಚಟ್ನಿ ಇರಲಿ. ಒಲೆ ಹೂಡುವುದು ಬೇಡ, ಧ್ವನಿವರ್ಧಕ ಬೇಡ. ಸುತ್ತಿಗೆಯಂತೂ ಬೇಡವೇ ಬೇಡ. ನೆನಪಿಗೆಂದು ಒಬ್ಬೊಬ್ಬರು ಒಂದೊಂದು ಚೂರು ಒಡೆದುಕೊಂಡು ಹೋದರೆ ಸ್ಮಾರಕ ಎಷ್ಟು ದಿನ ಉಳಿದೀತು?

ನಾಮಫಲಕವಿದೆ, ಸರ್ಕಾರ ನೋಡಿಕೊಳ್ಳುತ್ತದೆ ಎಂದು ಸುಮ್ಮನೆ ಕೂರುವಂತಿಲ್ಲ. 1976ರ ಘೋಷಣೆಯಾದ ಮೇಲೆ, ಇಂಥ ತಾಣಗಳ ರಕ್ಷಣೆಗೆಂದು ಕೇಂದ್ರದ ಗಣಿ ಸಚಿವಾಲಯ ಒಂದು ಮಸೂದೆಯ ಕರಡನ್ನು ಜನರ ಮುಂದಿಡುವ ಹೊತ್ತಿಗೆ 2022ರ ಡಿಸೆಂಬರ್ ಬಂದಿತ್ತು. ಬರೀ ಕರಡಿಗೇ ನಲವತ್ತಾರು ವರ್ಷ! ಗಣಿಗೆ ಅನುಮತಿ ಕೊಡುವ ಸಚಿವಾಲಯವೇ ಕಲ್ಲನ್ನೂ ಕಾಯಬೇಕೆಂಬ ವಿಪರ್ಯಾಸ ಬೇರೆ. ಕಾನೂನು ಬೇಕು, ಅದಕ್ಕಾಗಿ ಒತ್ತಾಯಿಸೋಣ. ಆದರೆ ಕಲ್ಲನ್ನು ನಿತ್ಯ ಕಾಯಬಲ್ಲವರು ಅದರ ಪಕ್ಕದಲ್ಲಿ ಬದುಕುವವರು. ಅವರು ಕಾಯಬೇಕಾದರೆ ಅದು ಏನೆಂಬುದು ಅವರಿಗೆ ಗೊತ್ತಿರಬೇಕು.

ಆ ದಿನದ ಕೆಲಸ ಇಷ್ಟೇ. ಬೆಳಿಗ್ಗೆ ವಿದ್ಯಾರ್ಥಿಗಳು ಕುರಿಗಾಹಿಯಿಂದ ಹುಲ್ಲಿನ, ಹಳ್ಳದ, ಹಾದಿಯ ಹೆಸರು ಕೇಳಿ ಬರೆದುಕೊಳ್ಳಲಿ. ಮಧ್ಯಾಹ್ನ ಅದೇ ವಿದ್ಯಾರ್ಥಿಗಳು ಊರಿನ ಹಿರಿಯರಿಗೆ, ಮಕ್ಕಳಿಗೆ ದಿಂಬುಗಲ್ಲಿನ ಕತೆ ಹೇಳಲಿ. ಸಂಜೆ ಬರಿಗೈಯಲ್ಲಿ ಹಿಂದಿರುಗಲಿ.

ಸಭೆಯಲ್ಲಿ ಎದ್ದು ನಿಂತ ಆ ಹುಡುಗ ಈ ಚಾರಣದ ಮುಂಚೂಣಿಯಲ್ಲಿ ಇರಬೇಕೆಂಬುದು ನಮ್ಮ ಆಸೆ. ಕಲ್ಲಿನ ಮುಂದೆ ಕುಳಿತು, ಅದರ ದುಂಡನೆಯ ನೆತ್ತಿಯ ಮೇಲೆ ಕೈಯಿಟ್ಟು ನೋಡಲಿ. ಆಮೇಲೆಯೂ ‘ಬರೀ ಕಲ್ಲು’ ಎನಿಸಿದರೆ ಮುಂದಿನ ಸಭೆಯಲ್ಲಿ ಎದ್ದು ಹಾಗೆಯೇ ಹೇಳಲಿ. ಅವನ ಮಾತಿಗೆ ನಾವು ನಗುವುದಿಲ್ಲ.