ಅರ್ಜಿಯಲ್ಲಿ ಬಿಡಬೇಕಾದುದು

ಕಾನೂನು ಕಾಲೇಜುಗಳಲ್ಲಿ ಅರ್ಜಿ ಬರೆಯುವುದನ್ನು ಕಲಿಸುತ್ತಾರೆ, ನಿಜ. ಆದರೆ ಕೌಟುಂಬಿಕ ವ್ಯಾಜ್ಯದ ಅರ್ಜಿಯನ್ನು ಕಿರಿಯ ವಕೀಲರು ಕಲಿಯುವುದು ಹೆಚ್ಚಾಗಿ ಹಿರಿಯರ ಕಚೇರಿಯ ಹಳೆಯ ಕಡತಗಳನ್ನು ನೋಡಿ. ಒಬ್ಬ ಗಂಡನ ಮೇಲಿನ ಆರೋಪಗಳು ಹೆಸರಷ್ಟೇ ಬದಲಾಗಿ ಇನ್ನೊಬ್ಬನ ತಲೆಗೇರುವುದೂ ಉಂಟು! ಹೆಂಡತಿಯರ ಪಾಡೂ ಅಷ್ಟೇ.

1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 9ನೆಯ ಕಲಮು ಮೊದಲು ರಾಜಿಗೆ ಯತ್ನಿಸಬೇಕೆನ್ನುತ್ತದೆ. 13ನೆಯ ಕಲಮಿನಂತೆ ವಕೀಲರ ಮೂಲಕ ವಾದಿಸುವುದು ಅಲ್ಲಿ ಕಕ್ಷಿದಾರರ ಹಕ್ಕೇ ಅಲ್ಲ. ಕಾನೂನಿನ ಆಶಯವೇ ಹೀಗಿರುವಾಗ, ಅರ್ಜಿಯಲ್ಲಿ ಏನನ್ನು ಬರೆಯದೆ ಬಿಡಬೇಕೆಂಬುದನ್ನು ಹೊಸಬರಿಗೆ ಕಲಿಸಬೇಡವೆ? ನಡತೆಯ ಬಗ್ಗೆ ಒಮ್ಮೆ ಬರೆದ ಮಾತು ಸಮಾಲೋಚಕರ ಮುಂದೆ ಕುಳಿತಾಗಲೂ ಮರೆಯಾಗುವುದಿಲ್ಲ; ಮುಂದೊಂದು ದಿನ ಮಕ್ಕಳ ಕಣ್ಣಿಗೂ ಬಿದ್ದೀತು.

ಬರೆಯಬೇಕಾದುದು ಬೇರೆ ಇದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ವಿಧಿಸಿತು. ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಪಹಣಿ, ಶಾಲೆಯ ಶುಲ್ಕದ ರಸೀದಿ ಇವನ್ನು ತಾಳ್ಮೆಯಿಂದ ಓದಿ ಹೊಂದಿಸುವುದು ಬೇಸರದ ಕೆಲಸ. ಮಗುವಿನ ಊಟ ನಿಂತಿರುವುದು ಆ ಬೇಸರದ ಕೆಲಸದ ಮೇಲೆ, ವಿಶೇಷಣಗಳ ಮೇಲಲ್ಲ.

ನಾನು ಸೇವೆಯಲ್ಲಿದ್ದಾಗ ಕಿರಿಯ ವಕೀಲರೊಬ್ಬರು ಶಾಲೆಗೆ ಬಂದು, "ತಾಯಿಯ ಬಳಿ ಇದ್ದ ಮೇಲೆ ಹುಡುಗ ಮಂಕಾಗಿದ್ದಾನೆ ಎಂದು ಬರೆದುಕೊಡಿ ಸಾರ್" ಎಂದರು. ಹುಡುಗನ ಹೆಸರಿನ ಹೊರತು ಅವನ ವಿಷಯ ಅವರಿಗೇನೂ ತಿಳಿದಿರಲಿಲ್ಲ. ನ್ಯಾಯಾಲಯ ಕೇಳಿದರೆ ಹಾಜರಿ ಮತ್ತು ಅಂಕಗಳನ್ನು ಕೊಡುವೆನೆಂದು ಹೇಳಿ ಕಳುಹಿಸಿದೆ.