ಕಾರ್ಖಾನೆಯ ಕೊಳವೆ ಬಾವಿ: ಅನುಮತಿಗೆ ಮುನ್ನ ರೈತರು ಕೇಳಬೇಕಾದ ಲೆಕ್ಕ

ಊರ ಪಕ್ಕದಲ್ಲಿ ಕಾರ್ಖಾನೆ ಏಳುತ್ತದೆಂಬ ಸುದ್ದಿ ಬಂದೊಡನೆ ನಮ್ಮ ರೈತ ಬಾಂಧವರಲ್ಲಿ ಎರಡು ಮಾತು ಹುಟ್ಟುತ್ತವೆ. ಒಂದು, ಮಕ್ಕಳಿಗೆ ಕೆಲಸ ಸಿಕ್ಕೀತು. ಇನ್ನೊಂದು, ನಮ್ಮ ಬೋರು ಬತ್ತೀತು. ಎರಡೂ ನ್ಯಾಯವಾದ ಮಾತೇ. ಆದರೆ ಇದು ಆಸೆಯಿಂದಾಗಲಿ ಅಂಜಿಕೆಯಿಂದಾಗಲಿ ತೀರ್ಮಾನಿಸತಕ್ಕ ವಿಷಯವಲ್ಲ. ಲೆಕ್ಕ ಹಾಕಿ ತೀರ್ಮಾನಿಸಬೇಕಾದ್ದು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಅದರ ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಜಮೀನಿಗೆ ಬೇಲಿ ಹಾಕಬಹುದು, ಬಿರುಕಿನ ನೀರಿಗೆ ಹಾಕಲಾಗದು. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಅಂತರ್ಜಲದ ಅಂದಾಜಿನಲ್ಲಿ ಬಹುತೇಕ ತಾಲ್ಲೂಕುಗಳು ‘ಅತಿ ಬಳಕೆ’ಯ ವರ್ಗಕ್ಕೆ ಸೇರಿವೆ. ಎಂದರೆ, ವರ್ಷದಲ್ಲಿ ಇಂಗಿ ದೊರೆಯುವ ನೀರಿಗಿಂತ ಎತ್ತುವುದೇ ಹೆಚ್ಚು.

ಕಾನೂನು ಏನು ಹೇಳುತ್ತದೆ?

ಕರ್ನಾಟಕದ 2011ರ ಅಂತರ್ಜಲ ಕಾಯಿದೆಯಂತೆ, ಅಧಿಸೂಚಿತ ಪ್ರದೇಶದಲ್ಲಿ ಹೊಸ ಬಾವಿ ತೆಗೆಯಲು ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು. ಕೇಂದ್ರ ಸರ್ಕಾರದ 2020ರ ಸೆಪ್ಟೆಂಬರ್ ಮಾರ್ಗಸೂಚಿಯು ಅತಿ ಬಳಕೆ ಪ್ರದೇಶಗಳಲ್ಲಿ ಹೊಸ ದೊಡ್ಡ ಉದ್ದಿಮೆಗಳಿಗೆ ಅಂತರ್ಜಲ ಎತ್ತಲು ಒಪ್ಪಿಗೆ ಕೊಡುವುದಿಲ್ಲ. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಷರತ್ತಿನ ಮೇಲೆ ಅವಕಾಶವುಂಟು. ಬಾಟಲಿ ನೀರಿನ ಹೊಸ ಘಟಕ ಸಣ್ಣದಾದರೂ ಅವಕಾಶವಿಲ್ಲ. ದಿನಕ್ಕೆ 10 ಘನ ಮೀಟರಿಗಿಂತ ಕಡಿಮೆ ಎತ್ತುವ ಸಣ್ಣ ಉದ್ದಿಮೆಗಳಿಗೆ ಈ ಮಾರ್ಗಸೂಚಿಯಲ್ಲಿ ವಿನಾಯಿತಿಯೇ ಇದೆ.

ಅಡಿಕೆ ಮರದ ಅಳತೆ

ಹತ್ತು ಘನ ಮೀಟರ್ ಎಂದರೆ 10,000 ಲೀಟರ್. ಹನಿ ನೀರಾವರಿಯಲ್ಲಿ ಬೇಸಿಗೆಯ ದಿನ ಒಂದು ಅಡಿಕೆ ಮರಕ್ಕೆ ಸುಮಾರು 20 ಲೀಟರ್ ಬೇಕು. ಆ ಲೆಕ್ಕಕ್ಕೆ ಇದು 500 ಮರಗಳ, ಹೆಚ್ಚುಕಡಿಮೆ ಒಂದು ಎಕರೆ ತೋಟದ ನೀರು. ಇಂಥ ಒಂದು ಘಟಕದಿಂದ ಊರು ಮುಳುಗದು. ಆದರೆ ಒಂದೇ ಕೈಗಾರಿಕಾ ಪ್ರದೇಶದಲ್ಲಿ ಹತ್ತು ಘಟಕಗಳು ಬಂದರೆ ಹತ್ತು ಎಕರೆಯ ನೀರು ಹೋಯಿತು. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸಣ್ಣವೇ. ಅಲ್ಲದೆ ತೋಟಕ್ಕೆ ಮಳೆಗಾಲದಲ್ಲಿ ಬಿಡುವುಂಟು, ಕಾರ್ಖಾನೆಯ ಮೋಟಾರಿಗೆ ಇಲ್ಲ.

ಮಳೆ ಚೆನ್ನಾಗಿ ಆದ ವರ್ಷ ಇದೆಲ್ಲ ಮರೆತುಹೋಗುತ್ತದೆ. ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದುದು 2022ರಲ್ಲಿ. ನಡುವೆ 89 ವರ್ಷ ಕಳೆದವು. ಆದ್ದರಿಂದ ಅನುಮತಿ ನೀಡುವಾಗ ನೋಡಬೇಕಾದದ್ದು ಕೋಡಿ ಬಿದ್ದ ವರ್ಷದ ನೀರಿನ ಮಟ್ಟವಲ್ಲ, ಬರಗಾಲದ ಏಪ್ರಿಲ್ ತಿಂಗಳ ಮಟ್ಟ.

ಬಾವಿ ತೋಡಿದ ಮೇಲೆ ಜಗಳಕ್ಕೆ ನಿಂತರೆ ದಾರಿ ಬಹಳ ಉದ್ದ. ಕೇರಳದ ಪ್ಲಾಚಿಮಾಡದಲ್ಲಿ ತಂಪು ಪಾನೀಯದ ಕಾರ್ಖಾನೆಗೆ ಪೆರುಮಾಟ್ಟಿ ಪಂಚಾಯಿತಿ 2003ರಲ್ಲಿ ಪರವಾನಗಿ ನವೀಕರಿಸಲಿಲ್ಲ. ಅದೇ ವರ್ಷ ಹೈಕೋರ್ಟಿನ ಏಕಸದಸ್ಯ ಪೀಠ ಅಂತರ್ಜಲ ಸಾರ್ವಜನಿಕರ ಸ್ವತ್ತೆಂದಿತು. 2004ರ ಮಾರ್ಚಿನಲ್ಲಿ ಉತ್ಪಾದನೆ ನಿಂತಿತು. 2005ರಲ್ಲಿ ವಿಭಾಗೀಯ ಪೀಠ ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದೆಂದಿತು. ನ್ಯಾಯಾಲಯದ ಮಾತೇ ಹೀಗೆ ಬದಲಾಗುವಾಗ, ಮೊದಲೇ ಕೇಳುವುದು ಲೇಸು.

ಗ್ರಾಮಸಭೆಯಲ್ಲಿ ಕೇಳಿರಿ

ದಿನಕ್ಕೆ ಎಷ್ಟು ಲೀಟರ್ ಬೇಕು? ನೀರಿನ ಮೀಟರು ಅಳವಡಿಸುವರೇ, ಅದರ ಲೆಕ್ಕ ಪಂಚಾಯಿತಿಗೆ ಸಿಗುವುದೇ? ಸುತ್ತಲಿನ ಬಾವಿಗಳ ಬೇಸಿಗೆಯ ಮಟ್ಟ ಬರೆದಿಟ್ಟಿದ್ದಾರೆಯೇ? ಚಾವಣಿಯ ಮಳೆ ನೀರನ್ನು ಎಲ್ಲಿ ಇಂಗಿಸುವರು? ಬಳಸಿದ ನೀರು ಎಲ್ಲಿಗೆ ಹೋಗುವುದು? ಉತ್ತರಗಳನ್ನು ನಡವಳಿಯಲ್ಲಿ ಬರೆಸಿ, ಪ್ರತಿಯನ್ನು ಅಂತರ್ಜಲ ನಿರ್ದೇಶನಾಲಯದ ಜಿಲ್ಲಾ ಕಚೇರಿಗೆ ಕಳುಹಿಸಿರಿ.

ಕೊನೆಗೆ ಒಂದು ಕಹಿ ಮಾತು. ನಮ್ಮ ಸೀಮೆಯ ಅಂತರ್ಜಲದ ಬಹುಪಾಲು ಎತ್ತುವವರು ಕಾರ್ಖಾನೆಯವರಲ್ಲ, ನಾವೇ. ತೋಟಕ್ಕೆ ಕಾಲುವೆ ಕಟ್ಟಿ ಹಾಯಿಸುತ್ತ ಕಾರ್ಖಾನೆಯ ಲೆಕ್ಕ ಕೇಳಿದರೆ ಮಾತಿಗೆ ತೂಕವಿರದು. ಹನಿ ನೀರಾವರಿ ಮಾಡಿ, ಬೋರಿನ ಸುತ್ತ ಇಂಗುಗುಂಡಿ ತೆಗೆದು, ತನ್ನ ಲೆಕ್ಕವನ್ನು ಮೊದಲು ತೋರಿಸುವ ರೈತನ ಪ್ರಶ್ನೆಗೆ ಉತ್ತರ ಕೊಡದೆ ಯಾರೂ ತಪ್ಪಿಸಿಕೊಳ್ಳಲಾರರು.