ಡಾರ್ವಿನ್ ಹಿಡಿದ ಹುಳಕ್ಕೆ 182 ವರ್ಷ ಹೆಸರೇ ಇರಲಿಲ್ಲ

ಹೊಸ ಜೀವಿ ಪತ್ತೆಯಾಯ್ತು ಅಂತ ಸುದ್ದಿ ಬಂದರೆ ನಿಮಗೆ ಏನು ನೆನಪಾಗುತ್ತೆ? ದಟ್ಟ ಕಾಡು, ಜಿಗಣೆ, ತಲೆಗೆ ಟಾರ್ಚು ಕಟ್ಟಿಕೊಂಡ ವಿಜ್ಞಾನಿ, ಅಲ್ವಾ? ನನಗೆ ತುಂಬ ಇಷ್ಟವಾದ ಕತೆಯಲ್ಲಿ ಕಾಡೇ ಇಲ್ಲ. ಇರೋದು ಮ್ಯೂಸಿಯಂನಿಂದ ಬಂದ ಒಂದಷ್ಟು ಒಣಗಿದ ಹುಳಗಳು.

ಅಮೆರಿಕದ ಟೆನೆಸ್ಸಿಯಲ್ಲಿ ಸ್ಟಿಲಿಯಾನೋಸ್ ಚಾಟ್ಸಿಮನೋಲಿಸ್ ಅಂತ ಒಬ್ಬ ಕೀಟತಜ್ಞರಿದ್ದಾರೆ. ರೋವ್ ಬೀಟಲ್ ಎಂಬ ಉದ್ದ ಮೈಯ, ಗಿಡ್ಡ ರೆಕ್ಕೆಕವಚದ ಜೀರುಂಡೆಗಳೇ ಅವರ ಲೋಕ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಿಂದ ಅವರು ಎರವಲು ತರಿಸಿಕೊಂಡ ಹುಳಗಳಲ್ಲಿ ಒಂದು ಯಾವ ಗುಂಪಿಗೂ ಸೇರಲೊಲ್ಲದು. ತಲೆ ಹಸಿರು-ನೀಲಿಯಾಗಿ ಫಳಫಳ, ಮೀಸೆಯೋ ಗರಗಸದ ಹಲ್ಲಿನಂತೆ. ಮೂಲ ಹುಡುಕುತ್ತಾ ಹೋದರೆ ಸಿಕ್ಕಿದ್ದು ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾ, 1832. ಹಿಡಿದವರು ಚಾರ್ಲ್ಸ್ ಡಾರ್ವಿನ್! ಬೀಗಲ್ ಹಡಗಿನಲ್ಲಿ ಹೊರಟಿದ್ದ 23ರ ಹುಡುಗ ಆಗ ಅವರು. ನಮ್ಮಲ್ಲಿ ಎಷ್ಟೋ ಜನ ಮೊದಲ ಕೆಲಸಕ್ಕೆ ಸೇರುವ ವಯಸ್ಸು.

ಸಿಕ್ಕಿತು ಅಂದಮಾತ್ರಕ್ಕೆ ಹೊಸದು ಅಂತ ಘೋಷಿಸೋ ಹಾಗಿಲ್ಲ ನೋಡಿ. ಹತ್ತಿರದ ಸಂಬಂಧಿಗಳ ಜೊತೆ ಒಂದೊಂದೇ ಅಂಗ ಹೋಲಿಸಬೇಕು. ಮೀಸೆಯ ಗಂಟುಗಳು, ಕತ್ತಿನ ಮೇಲಿನ ಸಣ್ಣ ಗುಳಿಗಳು, ಕೊನೆಗೆ ಗಂಡಿನ ಜನನಾಂಗ ಕೂಡ. ನಗಬೇಡಿ, ಹೊರಗಿನಿಂದ ಅವಳಿಗಳಂತೆ ಕಾಣುವ ಎಷ್ಟೋ ಜೀರುಂಡೆಗಳನ್ನು ಬೇರೆ ಮಾಡುವುದೇ ಆ ಅಂಗದ ಆಕಾರ. ಇಷ್ಟಾದ ಮೇಲೆ ಒಂದೇ ಒಂದು ಮಾದರಿಯನ್ನು ‘ಹೋಲೋಟೈಪ್’ ಅಂತ ಆರಿಸಿ ಮ್ಯೂಸಿಯಂನಲ್ಲಿ ಇಡುತ್ತಾರೆ. ನಾಳೆ ಯಾರಿಗೇ ಅನುಮಾನ ಬಂದರೂ ಅದೇ ಸಾಕ್ಷಿ.

ಆಮೇಲೆ ನಾಮಕರಣ. ಈ ಹುಳಕ್ಕೆ ಹೊಸ ಕುಲವೇ ಬೇಕಾಯಿತು: ಡಾರ್ವಿನಿಲಸ್. ಎರಡನೇ ಹೆಸರು ಸೆಡಾರಿಸಿ, ಹಾಸ್ಯ ಬರಹಗಾರ ಡೇವಿಡ್ ಸೆಡಾರಿಸ್ ಗೌರವಾರ್ಥ. ಕಾರಣ ಕೇಳಿದರೆ ಖುಷಿಯಾಗುತ್ತೆ: ಗಂಟೆಗಟ್ಟಲೆ ಹುಳಗಳನ್ನು ಅಣಿ ಮಾಡುತ್ತಾ ಕೂತಾಗ ಈ ವಿಜ್ಞಾನಿ ಸೆಡಾರಿಸ್‌ರ ಆಡಿಯೋಬುಕ್ ಕೇಳುತ್ತಿದ್ದರಂತೆ. ಹೆಡ್‌ಫೋನ್ ಹಾಕಿಕೊಂಡು ಎಕ್ಸೆಲ್ ಶೀಟ್ ತುಂಬುವವರಿಗೆ ಈ ಋಣ ಚೆನ್ನಾಗಿ ಅರ್ಥವಾದೀತು! ಪ್ರಕಟಿಸಿದ್ದು 2014ರ ಫೆಬ್ರವರಿ 12, ಡಾರ್ವಿನ್ ಹುಟ್ಟಿದ ದಿನ.

ಆಡಿಯೋಬುಕ್ಕಿಗೆ ಹೆಸರು ಕೊಡೋದು ಹುಡುಗಾಟ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಸ್ಲೊವೇನಿಯಾದ ಗುಹೆಗಳಲ್ಲಿ ಕಣ್ಣಿಲ್ಲದ ಒಂದು ಜೀರುಂಡೆ ಇದೆ. 1937ರಲ್ಲಿ ಅದಕ್ಕೆ ಇಟ್ಟ ಹೆಸರು ಅನಾಫ್ಥಾಲ್ಮಸ್ ಹಿಟ್ಲರಿ. ಹೌದು, ಅದೇ ಹಿಟ್ಲರ್. ಹೆಸರು ಅಸಹ್ಯ ಅನ್ನೋ ಕಾರಣಕ್ಕೆ ಬದಲಿಸಲು ನಿಯಮ ಬಿಡುವುದಿಲ್ಲ. ಇಷ್ಟ ಬಂದಾಗ ಹೆಸರು ಬದಲಾದರೆ ಹಳೇ ದಾಖಲೆಗಳೆಲ್ಲ ಗೋಜಲಾಗುತ್ತವೆ ಎಂಬುದು ಅವರ ವಾದ. ಆ ಹೆಸರಿನ ಮೋಹಕ್ಕೇ ಸಂಗ್ರಹಕಾರರು ಹುಳವನ್ನು ಕದ್ದು ಮಾರುತ್ತಾರೆ. ಪಾಪದ ಹುಳ, ಯಾರದೋ ಭಕ್ತಿಗೆ ಅದು ಬೆಲೆ ತೆರುತ್ತಿದೆ. ಅಧಿಕಾರದಲ್ಲಿ ಇರುವವರಿಗಿಂತ ನಮ್ಮನ್ನು ನಗಿಸಿದವರ ಹೆಸರೇ ವಾಸಿ ಅನ್ನೋದು ನನ್ನ ಲೆಕ್ಕ.

ಡಾರ್ವಿನಿಲಸ್ ಕತೆಯಲ್ಲಿ ಇನ್ನೊಂದು ಎಳೆ ಉಳಿದಿದೆ. ಹೆಸರಿಡುವ ಹೊತ್ತಿಗೆ ಜಗತ್ತಿನಲ್ಲಿ ಗೊತ್ತಿದ್ದದ್ದು ಎರಡೇ ಹುಳ. ಎರಡನೆಯದು ಬರ್ಲಿನ್ ಮ್ಯೂಸಿಯಂನದ್ದು, ಅರ್ಜೆಂಟೀನಾದ ರಿಯೋ ಕ್ವಾರ್ಟೊದಲ್ಲಿ 1935ಕ್ಕೂ ಮೊದಲು ಸಿಕ್ಕಿದ್ದು. ಈ ಎರಡು ಊರುಗಳ ನಡುವಿನ ನೆಲದಲ್ಲಿ ಬಹುಪಾಲು ಈಗ ಹೊಲ. ಈ ಜೀರುಂಡೆ ಇನ್ನೂ ಬದುಕಿದೆಯಾ ಅನ್ನೋ ಅನುಮಾನವನ್ನು, ಅದಕ್ಕೆ ಹೆಸರು ಕೊಟ್ಟ ಲೇಖನದಲ್ಲೇ ಚಾಟ್ಸಿಮನೋಲಿಸ್ ಬರೆದಿಟ್ಟಿದ್ದಾರೆ.